ಹಿಂತೆಗೆದುಕೊಂಡ ಒಂದು ವಾಕ್ಯ

ಕನ್ನಡದಲ್ಲಿ ‘ಅಂತೆ’ ಎಂಬುದೊಂದು ಪುಟ್ಟ ಮಾತುಂಟು. ‘ಪಕ್ಕದೂರಿನಲ್ಲಿ ಮಳೆಯಾಯಿತು’ ಎನ್ನುವವನು ಮಳೆಯನ್ನು ಕಂಡು ಬಂದವನು. ‘ಮಳೆಯಾಯಿತಂತೆ’ ಎನ್ನುವವನು ಇನ್ನೊಬ್ಬರ ಬಾಯಿಂದ ಕೇಳಿ ಬಂದವನು. ಎರಡೇ ಅಕ್ಷರ. ಆಡಿದ ಮಾತಿಗೆ ಆಡಿದವನ ಹೊಣೆ ಎಷ್ಟೆಂಬುದು ಆ ಎರಡಕ್ಷರದಲ್ಲಿಯೇ ತಿಳಿದುಹೋಗುತ್ತದೆ. ಊರ ಅರಳಿಕಟ್ಟೆಯ ಮೇಲೆ ಕುಳಿತ ಮುದುಕರು ಕೂಡ ಈ ಲೆಕ್ಕವನ್ನು ತಪ್ಪುವುದಿಲ್ಲ. ‘ಅಂತೆ’ ಎಂದೊಡನೆ ‘ಯಾರು ಹೇಳಿದರು?’ ಎಂಬ ಪ್ರಶ್ನೆ ಏಳುತ್ತದೆ.

ವೃತ್ತಪತ್ರಿಕೆಗಳು ಬೆಳೆದ ಮೇಲೆ ನಮ್ಮ ಭಾಷೆಗೆ ಬೇರೊಂದು ಪ್ರಯೋಗ ಬಂದಿತು: ‘ಎನ್ನಲಾಗಿದೆ’, ‘ಬಲ್ಲ ಮೂಲಗಳಿಂದ ತಿಳಿದುಬಂದಿದೆ’. ವ್ಯಾಕರಣ ಹೇಳುವವನಿಗೆ ಇದೊಂದು ತೊಡಕು. ಎಂದವರು ಯಾರು? ತರಗತಿಯಲ್ಲಿ ಹುಡುಗರು ಕೇಳಿದರೆ, ಕರ್ತೃಪದವನ್ನು ಅಧ್ಯಾಹಾರ ಮಾಡಿಕೊಳ್ಳಿ ಎಂದು ಹೇಳಿ ನಾವು ಪಾರಾಗುತ್ತೇವೆ. ಆದರೆ ಹೀಗೆ ಮರೆಯಲ್ಲಿ ನಿಂತ ಒಬ್ಬ ಕರ್ತೃವಿನ ದೆಸೆಯಿಂದ ೨೦೦೫ರಲ್ಲಿ ಅಮೆರಿಕದ ಒಂದು ಹೆಸರಾಂತ ವಾರಪತ್ರಿಕೆ ಜಗತ್ತಿನೆದುರು ತಲೆ ತಗ್ಗಿಸಬೇಕಾಯಿತು. ಆ ಪ್ರಸಂಗವನ್ನು ಸುಳ್ಳು ವರದಿಯೊಂದರ ಕತೆಯೆಂದೇ ಇಂದಿಗೂ ಅನೇಕರು ನೆನೆಯುತ್ತಾರೆ. ಅದು ಅಷ್ಟು ಸರಳವಾದುದಲ್ಲ.

ಕ್ಯೂಬಾ ದ್ವೀಪದ ಆಗ್ನೇಯ ಅಂಚಿನಲ್ಲಿ ಗ್ವಾಂಟಾನಮೊ ಎಂಬ ಕೊಲ್ಲಿಯುಂಟು. ೧೯೦೩ರಿಂದ ಅದು ಅಮೆರಿಕದ ನೌಕಾಪಡೆಗೆ ಗೇಣಿಗೆ ಕೊಟ್ಟ ನೆಲ. ೨೦೦೧ರ ಸೆಪ್ಟೆಂಬರ್ ೧೧ರ ದಾಳಿಯ ತರುವಾಯ ಅಫ್ಘಾನಿಸ್ತಾನದಲ್ಲಿ ಯುದ್ಧ ನಡೆಯಿತಷ್ಟೆ. ಅಲ್ಲಿ ಮತ್ತು ಇತರ ದೇಶಗಳಲ್ಲಿ ಸೆರೆಸಿಕ್ಕವರಲ್ಲಿ ಕೆಲವರನ್ನು ೨೦೦೨ರ ಜನವರಿ ೧೧ರಿಂದ ಮೊದಲುಗೊಂಡು ಈ ನೆಲಕ್ಕೆ ತಂದು ಇಟ್ಟರು. ಕಾಲಕ್ರಮದಲ್ಲಿ ಹೀಗೆ ಬಂದವರು ಒಟ್ಟು ೭೮೦ರಷ್ಟು ಮಂದಿ. ಇವರು ಯುದ್ಧಕೈದಿಗಳಲ್ಲವೆಂದು ಸರಕಾರ ಹೇಳಿತು. ಸಾಮಾನ್ಯ ಅಪರಾಧಿಗಳೂ ಅಲ್ಲವೆಂದಿತು. ನ್ಯಾಯಾಲಯದ ಮೊರೆಹೋಗುವ ಹಕ್ಕು ಇವರಿಗುಂಟೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು ೨೦೦೪ರ ಜೂನ್ ೨೮ರಂದು. ಅಲ್ಲಿಯವರೆಗೆ, ಎಂದರೆ ಎರಡು ವರ್ಷಕ್ಕೂ ಮೇಲ್ಪಟ್ಟು, ಬಹುಪಾಲು ಕೈದಿಗಳು ವಕೀಲರ ಮುಖವನ್ನೇ ಕಂಡಿರಲಿಲ್ಲ. ರೆಡ್ ಕ್ರಾಸಿನವರು ಹೋಗಿ ಬರುತ್ತಿದ್ದರು. ಆದರೆ ಕಂಡುದನ್ನು ಸರಕಾರದ ಕಿವಿಗೆ ಮಾತ್ರ ಹಾಕುವುದು ಆ ಸಂಸ್ಥೆಯ ಕಟ್ಟುಪಾಡು. ಪತ್ರಕರ್ತರನ್ನು ಕರೆದೊಯ್ದು ತೋರಿಸುವುದುಂಟು, ಕೈದಿಗಳೊಡನೆ ಮಾತನಾಡಗೊಡುತ್ತಿರಲಿಲ್ಲ. ಇಂಥ ಸ್ಥಳದಲ್ಲಿ ಏನು ನಡೆಯಿತೆಂದು ಹೊರಗಿನವನು ಬರೆಯಬೇಕಾದರೆ ಅವನಿಗೆ ದಾರಿ ಎರಡೇ: ಬಿಡುಗಡೆಯಾದ ಕೈದಿಯ ಬಾಯಿಮಾತು, ಇಲ್ಲವೆ ಹೆಸರು ಹೇಳಲೊಲ್ಲದ ಅಧಿಕಾರಿಯ ಪಿಸುಮಾತು.

‘ನ್ಯೂಸ್‌ವೀಕ್’ ಪತ್ರಿಕೆ ಹಿಡಿದುದು ಎರಡನೆಯ ದಾರಿ. ೨೦೦೫ರ ಮೇ ೯ರ ತಾರೀಖು ಹೊತ್ತ ಸಂಚಿಕೆಯ ‘ಪೆರಿಸ್ಕೋಪ್’ ಎಂಬ ಚುಟುಕು ಸುದ್ದಿಗಳ ಅಂಕಣದಲ್ಲಿ ಒಂದು ಚಿಕ್ಕ ಬರಹ ಬಂದಿತು. ಬರೆದವರು ಮೈಕೆಲ್ ಇಸಿಕಾಫ್ ಮತ್ತು ಜಾನ್ ಬ್ಯಾರಿ. ಇಬ್ಬರೂ ಅನನುಭವಿಗಳಲ್ಲ. ೧೯೯೮ರಲ್ಲಿ ಅಧ್ಯಕ್ಷ ಕ್ಲಿಂಟನ್ನರನ್ನು ಕುರಿತ ಪ್ರಕರಣವನ್ನು ಮೊದಲಿಗೆ ಅಗೆದು ತೆಗೆದವರು ಇದೇ ಇಸಿಕಾಫ್. ಆಗ ಇನ್ನೂ ಪರೀಕ್ಷಿಸಬೇಕೆಂದು ಪತ್ರಿಕೆ ಸುದ್ದಿಯನ್ನು ತಡೆಹಿಡಿದಿತ್ತು. ಈ ಸಲ ತಡೆಹಿಡಿಯಲಿಲ್ಲ. ಸದರ್ನ್ ಕಮಾಂಡ್ ಎಂಬ ಸೇನಾವಿಭಾಗ ಗ್ವಾಂಟಾನಮೊ ಕುರಿತು ವಿಚಾರಣೆ ನಡೆಸುತ್ತಿದೆ, ಅದರ ವರದಿ ಸದ್ಯದಲ್ಲಿಯೇ ಹೊರಬೀಳಲಿದೆ, ಅದರಲ್ಲಿ ಇಂತಿಂಥ ಸಂಗತಿಗಳಿರುತ್ತವೆ ಎಂಬುದು ಆ ಬರಹದ ಸಾರ. ಅದರೊಳಗಿನ ಒಂದೇ ವಾಕ್ಯದಲ್ಲಿ ಎರಡು ಸಂಗತಿಗಳಿದ್ದವು. ಕೈದಿಗಳನ್ನು ಕಂಗೆಡಿಸುವ ಸಲುವಾಗಿ ವಿಚಾರಣೆ ಮಾಡುವವರು ಕುರಾನ್ ಗ್ರಂಥವನ್ನು ಶೌಚದ ಗುಂಡಿಗೆ ಹಾಕಿ ನೀರು ಹರಿಸಿದರೆಂಬುದು ಒಂದು; ಒಬ್ಬ ಕೈದಿಯ ಕೊರಳಿಗೆ ಪಟ್ಟಿ ಹಾಕಿ ನಾಯಿಯಂತೆ ಹಗ್ಗ ಹಿಡಿದು ಎಳೆದಾಡಿದರೆಂಬುದು ಇನ್ನೊಂದು. ವಾಚಕರು ಈ ಎರಡನೆಯದನ್ನೂ ಮರೆಯದೆ ಇಟ್ಟುಕೊಳ್ಳಬೇಕು.

ಆಧಾರ? ‘ಮೂಲಗಳು’ ಎಂದು ಬಹುವಚನದಲ್ಲಿ ಅಚ್ಚಾಗಿತ್ತು. ವಾಸ್ತವವಾಗಿ ಇದ್ದುದು ಒಂದೇ ಮೂಲ, ಹೆಸರು ಹೇಳಲೊಲ್ಲದ ಒಬ್ಬ ಹಿರಿಯ ಸರಕಾರಿ ಅಧಿಕಾರಿ. ಅಚ್ಚಿಗೆ ಹೋಗುವ ಮೊದಲು ಪತ್ರಿಕೆಯವರು ಸೈನ್ಯದ ಕಡೆಯ ಇಬ್ಬರನ್ನು ಕೇಳಿದುದೂ ಉಂಟು. ಒಬ್ಬರು ಏನನ್ನೂ ಹೇಳಲೊಪ್ಪಲಿಲ್ಲ. ಇನ್ನೊಬ್ಬರು ಬರಹದ ಬೇರೊಂದು ಅಂಶಕ್ಕೆ ಆಕ್ಷೇಪಿಸಿದರೇ ಹೊರತು ಕುರಾನಿನ ಮಾತಿಗೆ ಅಡ್ಡಿ ಹೇಳಲಿಲ್ಲ. ಮೌನಂ ಸಮ್ಮತಿಲಕ್ಷಣಂ ಎಂದು ಪತ್ರಿಕೆ ಬಗೆಯಿತು. ಮದುವೆಯ ಮಾತುಕತೆಯಲ್ಲಿ ಈ ಸೂತ್ರ ನಡೆಯಬಹುದು. ಲಕ್ಷೋಪಲಕ್ಷ ಜನರ ಪೂಜ್ಯಗ್ರಂಥದ ವಿಷಯದಲ್ಲಿ ನಡೆಯುತ್ತದೆಯೆ? ಅಡ್ಡಿ ಹೇಳದ ಆ ಅಧಿಕಾರಿಗೆ ವಿಷಯವೇ ತಿಳಿಯದೆ ಇದ್ದಿರಬಹುದಲ್ಲವೆ?

ಮೇ ೬ರಂದು ಇಸ್ಲಾಮಾಬಾದಿನಲ್ಲಿ ಇಮ್ರಾನ್ ಖಾನರು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದು ಪತ್ರಿಕಾಗೋಷ್ಠಿ ನಡೆಸಿದರು. ಕ್ರಿಕೆಟ್ಟಿನಿಂದ ರಾಜಕೀಯಕ್ಕೆ ಬಂದಿದ್ದ ಅವರು ಆಗ ಪಾಕಿಸ್ತಾನದ ವಿರೋಧಪಕ್ಷದವರು. ಅಮೆರಿಕದೊಡನೆ ಕೈಜೋಡಿಸಿದ್ದ ಮುಷರಫ್ ಸರಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಲು ಇದಕ್ಕಿಂತ ಒಳ್ಳೆಯ ಆಯುಧ ಬೇಕೆ? ನಾಲ್ಕು ದಿನ ಕಳೆದು ಮೇ ೧೦ರಂದು ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಮರುದಿನ ಅದು ದೊಂಬಿಯಾಯಿತು. ಪಾಕಿಸ್ತಾನದ ದೂತಾವಾಸದ ಮೇಲೆಯೂ ವಿಶ್ವಸಂಸ್ಥೆಯ ಕಚೇರಿಗಳ ಮೇಲೆಯೂ ಕಲ್ಲು, ಬೆಂಕಿ ಬಿದ್ದವು. ಗುಂಡುಗಳು ಹಾರಿ ನಾಲ್ವರು ಸತ್ತರು. ಮುಂದಿನ ಎರಡು ಮೂರು ದಿನಗಳಲ್ಲಿ ಕಿಚ್ಚು ಗಜನಿ, ಬದಖ್‌ಶಾನ್ ಮೊದಲಾದ ಕಡೆಗಳಿಗೆ ಹಬ್ಬಿತು. ಎಲ್ಲ ಸೇರಿ ಸತ್ತವರು ಕನಿಷ್ಠ ಹದಿನೈದು ಮಂದಿ. ಇವರಲ್ಲಿ ಆ ಇಂಗ್ಲಿಷ್ ಪತ್ರಿಕೆಯನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಇದ್ದರೋ ಇಲ್ಲವೋ. ‘ಅಂತೆ’ ಎಂಬುದಷ್ಟೆ ಅವರನ್ನು ಮುಟ್ಟಿದ್ದು; ಮುಟ್ಟುವ ಹೊತ್ತಿಗೆ ಆ ಎರಡಕ್ಷರವೂ ಉದುರಿಹೋಗಿತ್ತು.

ದೊಂಬಿಗೆ ಕಾರಣವೇನು? ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಮೆರಿಕದ ಸರ್ವಸೇನಾಪಡೆಗಳ ಮುಖ್ಯಸ್ಥ ಜನರಲ್ ರಿಚರ್ಡ್ ಮೈಯರ್ಸ್ ಮೇ ೧೨ರಂದು ಪತ್ರಕರ್ತರಿಗೆ ಹೇಳಿದ ಮಾತು ಬೇರೆ. ಅಫ್ಘಾನಿಸ್ತಾನದಲ್ಲಿದ್ದ ತಮ್ಮ ಸೇನಾಧಿಕಾರಿ ಜನರಲ್ ಐಕನ್‌ಬೆರಿಯವರ ಅಭಿಪ್ರಾಯದಲ್ಲಿ ಜಲಾಲಾಬಾದಿನ ಹಿಂಸೆಗೂ ಪತ್ರಿಕೆಯ ಬರಹಕ್ಕೂ ಸಂಬಂಧವಿಲ್ಲ, ಅದು ಅಲ್ಲಿಯ ಒಳರಾಜಕೀಯದ ಫಲ ಎಂದು ಅವರು ತಿಳಿಸಿದರು. ನಾಲ್ಕೇ ದಿನಗಳ ಮೇಲೆ, ಮೇ ೧೬ರಂದು, ಅಧ್ಯಕ್ಷರ ವಕ್ತಾರ ಸ್ಕಾಟ್ ಮೆಕ್ಲೆಲನ್ ಅದೇ ಬರಹದಿಂದ ಜನ ಪ್ರಾಣ ಕಳೆದುಕೊಂಡರೆಂದು ಪತ್ರಿಕೆಯ ಮೇಲೆ ಹರಿಹಾಯ್ದರು. ಮೇ ೨೩ರಂದು ವಾಷಿಂಗ್‌ಟನ್ನಿಗೆ ಬಂದ ಅಫ್ಘನ್ ಅಧ್ಯಕ್ಷ ಕರ್ಜಾಯಿಯವರು ಬುಷ್ ಅವರ ಪಕ್ಕದಲ್ಲಿಯೇ ನಿಂತು, ಆ ಪ್ರದರ್ಶನಗಳು ಪತ್ರಿಕೆಯ ಬರಹಕ್ಕೆ ಸಂಬಂಧಿಸಿದವಲ್ಲ, ತಮ್ಮ ದೇಶದ ಚುನಾವಣೆಗೂ ಅಮೆರಿಕದೊಡನೆಯ ಮೈತ್ರಿಗೂ ಎದುರಾದವು ಎಂದು ಮತ್ತೆ ಮೊದಲಿನ ಮಾತನ್ನೇ ಆಡಿದರು. ಸೇನಾಧಿಕಾರಿ ಹೇಳಿದ್ದು ದಿಟವೋ ವಕ್ತಾರರು ಹೇಳಿದ್ದು ದಿಟವೋ? ನನಗೆ ತೋರುವಂತೆ ಎರಡರಲ್ಲಿಯೂ ಅರ್ಧರ್ಧ ಉಂಟು. ಒಣಹುಲ್ಲು ಮೊದಲೇ ಬಿದ್ದಿತ್ತು. ಕಡ್ಡಿಯನ್ನು ಗೀರಿದವರು ಅನೇಕರು. ಆದರೆ ಆ ಕಡ್ಡಿ ಬಂದುದು ಪತ್ರಿಕೆಯ ಪೆಟ್ಟಿಗೆಯಿಂದ, ಅದನ್ನು ಅಲ್ಲವೆನ್ನಲಾಗದು.

ಬರಹ ಅಚ್ಚಾದ ಹನ್ನೊಂದು ಹನ್ನೆರಡು ದಿನ ಸೈನ್ಯದ ಕಚೇರಿ ಏನೂ ಅನ್ನಲಿಲ್ಲ. ಮೇ ೧೩ರಂದು ವಕ್ತಾರ ಲಾರೆನ್ಸ್ ಡಿ ರಿಟಾ ಪತ್ರಿಕೆಗೆ ದೂರವಾಣಿ ಮಾಡಿ, ಸದರ್ನ್ ಕಮಾಂಡಿನ ವಿಚಾರಣೆಯಲ್ಲಿ ಇಂಥ ಸಂಗತಿ ಇಲ್ಲವೇ ಇಲ್ಲವೆಂದರು. ಇಸಿಕಾಫ್ ತಮ್ಮ ಅಧಿಕಾರಿಯನ್ನು ಮತ್ತೆ ಹುಡುಕಿಕೊಂಡು ಹೋದರು. ಆತ, ಕುರಾನಿನ ಅವಮಾನವನ್ನು ಕುರಿತು ತಾನು ಓದಿದುದು ನಿಜ, ಆದರೆ ಅದು ಆ ವರದಿಯಲ್ಲಿಯೇ ಇದ್ದಿತೆಂದು ಖಂಡಿತವಾಗಿ ಹೇಳಲಾರೆ, ಬೇರೆ ಯಾವುದೋ ಕಡತದಲ್ಲಿ ಇದ್ದಿರಬಹುದು ಎಂದುಬಿಟ್ಟ. ಸಂಪಾದಕ ಮಾರ್ಕ್ ವಿಟಕರ್ ಮೇ ೧೫ರಂದು ತಪ್ಪಿಗಾಗಿ ವಿಷಾದಿಸಿದರು. ಹಿಂಸೆಗೆ ಸಿಕ್ಕವರಿಗೂ ಅದರ ನಡುವೆ ಸಿಲುಕಿದ ಅಮೆರಿಕದ ಸೈನಿಕರಿಗೂ ಸಹಾನುಭೂತಿ ಸೂಚಿಸಿದರು. ಅಷ್ಟು ಸಾಲದೆಂದು ಅಧ್ಯಕ್ಷರ ಭವನ ಮರುದಿನವೇ ಹೇಳಿತು. ಅಂದೇ ಪತ್ರಿಕೆ ಬರಹವನ್ನು ಹಿಂತೆಗೆದುಕೊಂಡಿತು.

ಹಿಂತೆಗೆದುಕೊಂಡುದು ಏನನ್ನು? ಸೈನ್ಯದ ಒಳವಿಚಾರಣೆಯೊಂದು ಕುರಾನಿನ ಅವಮಾನವನ್ನು ಪತ್ತೆಹಚ್ಚಿದೆ ಎಂಬ ಹೇಳಿಕೆಯನ್ನು. ಅವಮಾನ ನಡೆಯಲೇ ಇಲ್ಲವೆಂದು ಪತ್ರಿಕೆ ಹೇಳಲಿಲ್ಲ. ಹೇಳುವ ಅಧಿಕಾರವೂ ಅದಕ್ಕಿರಲಿಲ್ಲ. ಹಳಗನ್ನಡ ಕಾವ್ಯಗಳ ಪಾಠ ಪರಿಷ್ಕರಣವನ್ನು ಸ್ವಲ್ಪವಾದರೂ ಬಲ್ಲವರಿಗೆ ಈ ಭೇದ ಒಡನೆಯೇ ತಿಳಿಯುತ್ತದೆ. ಒಂದು ಪದ್ಯ ಇಂಥ ಕವಿಯದೆಂದು ಸಾಧಿಸಲು ವಿದ್ವಾಂಸನೊಬ್ಬ ಇಂಥ ಓಲೆಪ್ರತಿಯಲ್ಲಿದೆ ಎಂದು ಬರೆಯುತ್ತಾನೆ. ಪ್ರತಿಯನ್ನು ಬಿಚ್ಚಿ ನೋಡಿದರೆ ಪದ್ಯ ಅಲ್ಲಿಲ್ಲ. ಆಗ ವಿದ್ವಾಂಸನ ಮಾನ ಹೋಗುತ್ತದೆ, ಹೋಗಲೇಬೇಕು. ಆದರೆ ಪದ್ಯ ಆ ಕವಿಯದಲ್ಲವೆಂದು ಅಷ್ಟರಿಂದ ಸಿದ್ಧವಾಗದು. ಅದು ಇನ್ನೊಂದು ಪ್ರತಿಯಲ್ಲಿರಬಹುದು, ಎಲ್ಲಿಯೂ ಇಲ್ಲದಿರಬಹುದು. ಉಳಿದ ಓಲೆಗಳನ್ನೂ ಬಿಚ್ಚಿ ನೋಡಿಯೇ ತೀರ್ಮಾನಿಸಬೇಕು. ೨೦೦೫ರ ಮೇ ತಿಂಗಳಲ್ಲಿ ಆ ಓಲೆಗಳ ಕಟ್ಟು ಇದ್ದುದು ಸರಕಾರದ ಬೀರುವಿನಲ್ಲಿ. ಬೀರುವಿನ ಬೀಗದಕೈ ಯಾರ ಸೊಂಟದಲ್ಲಿತ್ತೋ ಅವರೇ, ಆಧಾರವೆಲ್ಲಿ ಎಂದು ಅತಿ ಗಟ್ಟಿಯಾಗಿ ಕೇಳಿದವರು.

ಕಟ್ಟು ಸ್ವಲ್ಪ ಸ್ವಲ್ಪವಾಗಿ ಬಿಚ್ಚತೊಡಗಿತು. ಕುರಾನಿನ ವಿಷಯದಲ್ಲಿ ಕೈದಿಗಳ ದೂರುಗಳನ್ನು ತಾವು ೨೦೦೨ರಲ್ಲಿಯೂ ೨೦೦೩ರಲ್ಲಿಯೂ ಅಮೆರಿಕದ ಸೈನ್ಯಕ್ಕೆ ಮುಟ್ಟಿಸಿದ್ದೆವೆಂದು ರೆಡ್ ಕ್ರಾಸ್ ಮೇ ೧೯ರಂದು ತಿಳಿಸಿತು. ಮೌನವೇ ವ್ರತವಾಗಿದ್ದ ಸಂಸ್ಥೆ ಇಷ್ಟಾದರೂ ಬಾಯಿಬಿಟ್ಟುದು ಸಾಮಾನ್ಯ ಸಂಗತಿಯಲ್ಲ. ಬಿಡುಗಡೆಯಾದ ಅಫ್ಘನ್ ಕೈದಿಗಳು ಇಂಥ ಮಾತನ್ನೇ ಹೇಳಿದುದು ೨೦೦೩ರ ಮಾರ್ಚಿಯಷ್ಟು ಹಿಂದೆಯೇ ‘ವಾಷಿಂಗ್‌ಟನ್ ಪೋಸ್ಟ್’ನಲ್ಲಿ ಅಚ್ಚಾಗಿತ್ತು. ಆಗ ಯಾವ ಮೆರವಣಿಗೆಯೂ ಹೊರಡಲಿಲ್ಲ, ಯಾವ ವಕ್ತಾರರೂ ಗುಡುಗಲಿಲ್ಲ. ಇನ್ನು, ಕುರಾನನ್ನು ಹೇಗೆ ಮುಟ್ಟಬೇಕೆಂದು ೨೦೦೩ರ ಜನವರಿಯಲ್ಲಿ ಗ್ವಾಂಟಾನಮೊದ ಅಧಿಕಾರಿಗಳೇ ಲಿಖಿತ ನಿಯಮಗಳನ್ನು ಹೊರಡಿಸಿದ್ದರು. ಶುಭ್ರವಾದ ಕೈಗವಸು ತೊಡಬೇಕು, ಎರಡು ಕೈಗಳಿಂದ ಹಿಡಿಯಬೇಕು, ನೆಲದ ಮೇಲಾಗಲಿ ಶೌಚದ ಬಳಿಯಲ್ಲಾಗಲಿ ಇಡಕೂಡದು. ಶಸ್ತ್ರಚಿಕಿತ್ಸೆಯ ವೇಳೆ ವೈದ್ಯರು ಮುಖಕ್ಕೆ ಕಟ್ಟುವ ಬಟ್ಟೆಯನ್ನೇ ಜೋಳಿಗೆಯಂತೆ ಪಂಜರದ ಗೋಡೆಗೆ ತೂಗುಹಾಕಿ ಗ್ರಂಥವನ್ನು ಅದರಲ್ಲಿ ಇಡಿಸಿದರು. ಇದು ಸೈನ್ಯದ ಎಚ್ಚರಿಕೆಗೆ ಸಾಕ್ಷಿಯೆಂದು ಒಬ್ಬರು ಹೇಳಬಹುದು. ಎಚ್ಚರಿಕೆ ಯಾಕೆ ಬೇಕಾಯಿತೆಂದು ಇನ್ನೊಬ್ಬರು ಕೇಳಬಹುದು. ಎರಡೂ ನ್ಯಾಯವೇ.

ಮೇ ೨೫ರಂದು ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟ ಮಾಹಿತಿ ಕಾನೂನಿನ ಬಲದಿಂದ, ನ್ಯಾಯಾಲಯದ ಮೂಲಕ ಪಡೆದ ಕಾಗದಗಳನ್ನು ಪ್ರಕಟಿಸಿತು. ಅವು ಎಫ್.ಬಿ.ಐ. ಅಧಿಕಾರಿಗಳು ಬರೆದಿಟ್ಟ ಟಿಪ್ಪಣಿಗಳು. ೨೦೦೨ರ ಆಗಸ್ಟ್ ೧ರ ಒಂದು ಟಿಪ್ಪಣಿಯಲ್ಲಿ, ಕಾವಲುಗಾರರು ಕುರಾನನ್ನು ಶೌಚದ ಗುಂಡಿಗೆ ಹಾಕಿದರೆಂದು ಕೈದಿಯೊಬ್ಬ ಹೇಳಿದುದು ಸ್ಪಷ್ಟವಾಗಿ ದಾಖಲಾಗಿತ್ತು. ಮರುದಿನ ಸೈನ್ಯ ಉತ್ತರ ಕೊಟ್ಟಿತು: ಆ ಕೈದಿಯನ್ನು ಈಗ ಮತ್ತೆ ಕೇಳಿದ್ದೇವೆ, ತಾನು ಕಣ್ಣಿನಿಂದ ಕಂಡಿಲ್ಲ, ಇತರರಿಂದ ಕೇಳಿದ್ದು ಎನ್ನುತ್ತಾನೆ, ಎಂದು. ಇಲ್ಲಿಯೂ ‘ಅಂತೆ’! ಮೂರು ವರ್ಷ ಸೆರೆಯಲ್ಲಿದ್ದವನನ್ನು ಸೆರೆಯಲ್ಲಿಟ್ಟವರೇ ಕೇಳಿದಾಗ ಬರುವ ಉತ್ತರಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬುದು ಬೇರೆಯ ಮಾತು. ಆದರೂ ಕೇಳಿಕೆಯ ಮೇಲೆ ನಿಂತದ್ದನ್ನು ಕಂಡದ್ದೆಂದು ನಾವು ಬರೆಯಲಾಗದು. ಗುಂಡಿಯ ಸಂಗತಿ ಅಂದಿನಿಂದ ಇಂದಿನವರೆಗೆ ಕೈದಿಗಳ ಬಾಯಿಮಾತಾಗಿಯೇ ಉಳಿದಿದೆ.

ಶಿಬಿರದ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಜೇ ಹುಡ್ ನಡೆಸಿದ ತನಿಖೆಯ ವಿವರಗಳು ಹೊರಬಂದುದು ಜೂನ್ ೩ರಂದು. ಅಂದು ಶುಕ್ರವಾರ, ಅದೂ ಸಂಜೆಯ ಹೊತ್ತು. ಪತ್ರಿಕಾಲಯಗಳ ಪರಿಚಯವುಳ್ಳವರಿಗೆ ಆ ಮುಹೂರ್ತದ ಮಹಿಮೆಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಗ್ರಂಥವನ್ನು ಗುಂಡಿಗೆ ಹಾಕಿದುದಕ್ಕೆ ನಂಬಬಹುದಾದ ಪುರಾವೆ ಇಲ್ಲವೆಂದು ಹುಡ್ ಹೇಳಿದರು. ಆದರೆ ಐದು ಸಂಗತಿಗಳನ್ನು ಒಪ್ಪಿಕೊಂಡರು. ಒಬ್ಬ ಕೈದಿಯ ಕುರಾನನ್ನು ಕಾವಲುಗಾರರು ಒದ್ದದ್ದು. ವಿಚಾರಣೆ ಮಾಡುವವನೊಬ್ಬ ಅದನ್ನು ತುಳಿದದ್ದು. ರಾತ್ರಿ ಪಾಳಿಯವರು ನೀರು ತುಂಬಿದ ಬಲೂನುಗಳನ್ನೆಸೆದು ಪ್ರತಿಗಳು ತೊಯ್ದದ್ದು. ಒಂದು ಪ್ರತಿಯ ರಕ್ಷಾಪುಟದ ಒಳಗೆ ಇಂಗ್ಲಿಷಿನಲ್ಲಿ ಅಶ್ಲೀಲ ಪದಗಳು ಕಂಡದ್ದು. ಕಾವಲುಗಾರನೊಬ್ಬ ಹೊರಗೆ ಮೂತ್ರ ಮಾಡುವಾಗ ಗಾಳಿಗಂಡಿಯ ಮೂಲಕ ಒಳಗಿದ್ದವನ ಮೇಲೂ ಅವನ ಕುರಾನಿನ ಮೇಲೂ ಸಿಡಿದದ್ದು. ಅಶ್ಲೀಲ ಪದಗಳನ್ನು ಬರೆದವನು ಕಾವಲುಗಾರನೋ ಕೈದಿಯೇ ಸ್ವತಃ ಬರೆದುಕೊಂಡನೋ ಎಂಬುದು ನಿರ್ಧಾರವಾಗಲಿಲ್ಲ. ಕೈದಿಗಳೇ ತಮ್ಮ ಕುರಾನುಗಳನ್ನು ಹಾಳುಮಾಡಿದ ಹದಿನೈದು ಪ್ರಸಂಗಗಳನ್ನೂ ಹುಡ್ ಪಟ್ಟಿಮಾಡಿದರು. ಇದನ್ನು ಬಿಟ್ಟು ಬರೆದರೆ ನಾನೂ ಆ ಪತ್ರಿಕೆಯ ತಪ್ಪನ್ನೇ ಮಾಡಿದಂತಾಗುತ್ತದೆ.

ಇನ್ನು ಆ ವಾಕ್ಯದ ಎರಡನೆಯ ಅರ್ಧ. ಯಾವ ವರದಿಯನ್ನು ಹೆಸರಿಸಿ ಪತ್ರಿಕೆ ಎಡವಿತೋ ಆ ವರದಿ, ಜನರಲ್ ಸ್ಮಿಟ್ ಮತ್ತು ಜನರಲ್ ಫರ್ಲೋ ಅವರದು, ಜುಲೈ ೧೩ರಂದು ಸೆನೆಟ್ ಸಮಿತಿಯ ಮುಂದೆ ಬಂದಿತು. ಅದರಲ್ಲಿ ಕುರಾನಿನ ಗುಂಡಿ ಇರಲಿಲ್ಲ. ಕೈದಿಯೊಬ್ಬನಿಗೆ ಹಗ್ಗ ಕಟ್ಟಿ ಎಳೆದಾಡಿ ನಾಯಿಯ ಆಟಗಳನ್ನು ಆಡಿಸಿದ ಸಂಗತಿ ಇದ್ದಿತು. ಶಿಬಿರದ ಹಿಂದಿನ ಮುಖ್ಯಸ್ಥ ಜನರಲ್ ಮಿಲ್ಲರ್ ಅವರಿಗೆ ಛೀಮಾರಿ ಹಾಕಬೇಕೆಂದು ತನಿಖೆಯವರು ಸೂಚಿಸಿದರು. ಮೇಲಿನ ಅಧಿಕಾರಿ ಅದನ್ನು ತಳ್ಳಿಹಾಕಿದರು. ಒಂದೇ ವಾಕ್ಯ, ಒಂದೇ ಮೂಲ. ಅರ್ಧ ಬಿದ್ದಿತು, ಅರ್ಧ ನಿಂತಿತು. ಬಿದ್ದ ಅರ್ಧವನ್ನು ಲೋಕ ಇಂದಿಗೂ ನೆನೆಯುತ್ತದೆ. ನಿಂತ ಅರ್ಧಕ್ಕೆ ಯಾರೂ ಕ್ಷಮೆ ಬೇಡಲಿಲ್ಲ.

ಹಾಗೆಂದು ಪತ್ರಿಕೆಯ ತಪ್ಪು ಸಣ್ಣದಾಗದು. ಒಬ್ಬನನ್ನು ಹಲವರೆಂದು ಬರೆದುದು, ಮೌನವನ್ನು ಒಪ್ಪಿಗೆಯೆಂದು ಎಣಿಸಿದುದು, ಇಂಥ ಮಾತನ್ನು ಚುಟುಕಿನ ಅಂಕಣದಲ್ಲಿ ಎಸೆದುದು, ಇವು ಅಜಾಗರೂಕತೆಯ ಮಾತೇ. ೨೦೦೪ರ ಏಪ್ರಿಲ್ ಕೊನೆಯಲ್ಲಿ ಇರಾಕಿನ ಅಬು ಘ್ರೈಬ್ ಸೆರೆಮನೆಯ ಚಿತ್ರಗಳು ಹೊರಬಿದ್ದಿದ್ದವು. ಅವುಗಳನ್ನು ಕಂಡವರಿಗೆ ಅಮೆರಿಕದ ಸೈನಿಕರ ವಿಷಯದಲ್ಲಿ ಏನನ್ನು ಬೇಕಾದರೂ ನಂಬುವುದು ಸುಲಭವಾಗಿತ್ತು. ಸುಲಭವಾಗಿ ನಂಬುವ ಕಾಲದಲ್ಲಿಯೇ ಬರೆಯುವವನು ಎರಡು ಸಲ ಕೇಳಬೇಕು. ಆ ಚಿತ್ರಗಳನ್ನು ಸಿ.ಬಿ.ಎಸ್. ದೂರದರ್ಶನ ಸಂಸ್ಥೆ ಎರಡು ವಾರ ತಡೆಹಿಡಿದಿತ್ತು. ತಡೆಯಬೇಕೆಂದು ಕೇಳಿಕೊಂಡವರು ಇದೇ ಜನರಲ್ ಮೈಯರ್ಸ್. ತಡೆಹಿಡಿಯುವುದು ಸಾಧ್ಯವೇ ಇಲ್ಲದ ಕೆಲಸವೇನಲ್ಲ, ಚಿತ್ರಗಳು ಅದರಿಂದ ಸುಳ್ಳಾಗಲೂ ಇಲ್ಲ.

ಹೆಸರಿಲ್ಲದ ಅಧಿಕಾರಿಗಳ ಮಾತನ್ನು ಅಚ್ಚುಹಾಕುವ ಈ ಪದ್ಧತಿ ಮಾತ್ರ ೨೦೦೫ರಲ್ಲಿ ಹುಟ್ಟಿದುದಲ್ಲ. ಇರಾಕಿನಲ್ಲಿ ಮಹಾಮಾರಕ ಅಸ್ತ್ರಗಳಿವೆಯೆಂದು ೨೦೦೨–೦೩ರಲ್ಲಿ ಬಂದ ಅನೇಕ ವರದಿಗಳೂ ಇಂಥ ಮರೆಯ ಮಾತುಗಳ ಮೇಲೆಯೇ ನಿಂತಿದ್ದವು. ತನ್ನ ಅಂದಿನ ವರದಿಗಳಲ್ಲಿ ಕೆಲವಕ್ಕೆ ತಕ್ಕಷ್ಟು ಪರೀಕ್ಷೆ ನಡೆಯಲಿಲ್ಲವೆಂದು ‘ನ್ಯೂಯಾರ್ಕ್ ಟೈಮ್ಸ್’ ೨೦೦೪ರ ಮೇ ೨೬ರಂದು ಒಪ್ಪಿಕೊಂಡಿತು. ಅಸ್ತ್ರಗಳು ಸಿಗಲಿಲ್ಲ, ಯುದ್ಧವಂತೂ ನಡೆದುಹೋಗಿತ್ತು. ಆ ಮರೆಯ ಮಾತುಗಳಿಂದ ಜನ ಸತ್ತರೆಂದು ಯಾವ ವಕ್ತಾರರೂ ಪತ್ರಿಕೆಗಳನ್ನು ಗದರಿಸಲಿಲ್ಲ. ಗದರಿಸುವವರ ಮನೆಯಿಂದಲೇ ಆ ಮಾತು ಬಂದಿತ್ತಲ್ಲ!

‘ನ್ಯೂಸ್‌ವೀಕ್’ ತನ್ನ ಮನೆಯನ್ನು ಶುಚಿಮಾಡಿಕೊಳ್ಳಲು ಯತ್ನಿಸಿತು. ಹೆಸರಿಲ್ಲದ ಮೂಲವನ್ನು ಬಳಸಬೇಕಾದರೆ ಸಂಪಾದಕರ ಅಥವಾ ಅವರು ಗೊತ್ತುಪಡಿಸಿದ ಹಿರಿಯರ ಅಪ್ಪಣೆ ಬೇಕೆಂದೂ, ‘ಮೂಲಗಳು ಹೇಳಿದವು’ ಎಂಬುದೊಂದನ್ನೇ ಆಧಾರವಾಗಿ ಇನ್ನು ಮುಂದೆ ಅಚ್ಚಿಸುವುದಿಲ್ಲವೆಂದೂ ಅದರ ಅಧ್ಯಕ್ಷ ರಿಚರ್ಡ್ ಸ್ಮಿತ್ ವಾಚಕರಿಗೆ ಬರೆದ ಪತ್ರದಲ್ಲಿ ಮಾತು ಕೊಟ್ಟರು. ಕರ್ತೃವಿಲ್ಲದ ಕ್ರಿಯಾಪದಕ್ಕೆ ಒಬ್ಬ ಕರ್ತೃವನ್ನು ಹುಡುಕಿಕೊಡುವ ಪ್ರಯತ್ನ ಅದು. ಬೀರುವಿನ ಬೀಗದಕೈ ಇದ್ದವರು ಅಂಥ ಮಾತು ಕೊಟ್ಟದ್ದು ಕಾಣೆ.

ಏಳು ವರ್ಷ ಕಳೆದು, ೨೦೧೨ರ ಫೆಬ್ರವರಿಯಲ್ಲಿ, ಅಫ್ಘಾನಿಸ್ತಾನದ ಬಗ್ರಾಮ್ ನೆಲೆಯಲ್ಲಿ ಇಂಥದೇ ಒಂದು ಪ್ರಸಂಗ ಒದಗಿತು. ಅಲ್ಲಿಯ ಸೆರೆಮನೆಯ ಪುಸ್ತಕಭಂಡಾರದ ಪುಸ್ತಕಗಳಲ್ಲಿ ಕೈದಿಗಳು ಒಬ್ಬರಿಗೊಬ್ಬರು ಸಂದೇಶ ಬರೆಯುತ್ತಿದ್ದಾರೆಂಬ ಶಂಕೆಯಿಂದ ಸೈನಿಕರು ಪುಸ್ತಕಗಳನ್ನು ಹೊರತೆಗೆದು ಕಸ ಸುಡುವ ಗುಂಡಿಗೆ ಒಯ್ದರು. ಅವುಗಳಲ್ಲಿ ಕುರಾನಿನ ಪ್ರತಿಗಳಿದ್ದವು. ಅಲ್ಲಿ ಕೂಲಿ ಮಾಡುತ್ತಿದ್ದ ಅಫ್ಘನ್ನರು ಅರೆಬೆಂದ ಗ್ರಂಥಗಳನ್ನು ಬೆಂಕಿಯಿಂದ ಎಳೆದು ತೆಗೆದು ಹೊರಗಿನವರಿಗೆ ತೋರಿಸಿದರು. ಈ ಸಲ ಬಲ್ಲ ಮೂಲವಿಲ್ಲ, ವಾರಪತ್ರಿಕೆಯಿಲ್ಲ, ಹಿಂತೆಗೆದುಕೊಳ್ಳಲು ವಾಕ್ಯವೂ ಇಲ್ಲ, ಸುಟ್ಟ ಹಾಳೆಗಳಿದ್ದವು. ಅಧ್ಯಕ್ಷ ಒಬಾಮ ಕರ್ಜಾಯಿಯವರಿಗೆ ಕ್ಷಮೆ ಕೋರಿ ಪತ್ರ ಬರೆದರು. ಗಲಭೆಗಳಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಜನ ಸತ್ತರು; ಅವರಲ್ಲಿ ಅಮೆರಿಕದ ಸೈನಿಕರೂ ಇದ್ದರು. ಆ ವರ್ಷದ ಆಗಸ್ಟಿನಲ್ಲಿ ಆರು ಮಂದಿ ಸೈನಿಕರಿಗೆ ಇಲಾಖೆಯ ಮಟ್ಟದ ಶಿಕ್ಷೆಯಾಯಿತು. ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.